ಎಚ್ಚರದ ಎಣ್ಣೆ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಮೊಟ್ಟಮೊದಲು ಆಡಿದ ಮಹಾನುಭಾವನು ಯಾರೆಂಬುದು ತಿಳಿಯದು. ಆಗ ಅವನಿಗೆ ಮೂವತ್ತರ ಪ್ರಾಯವಿದ್ದಿರಬೇಕೆಂದು ಮಾತ್ರ ಧೈರ್ಯವಾಗಿ ಊಹಿಸಬಹುದು. ಅರವತ್ತು ದಾಟಿದವನು ಇಂಥ ಮಾತನ್ನು ಆಡಲಾರನು; ಆಡಿದರೂ ನೆರೆಮನೆಯವನನ್ನು ಕುರಿತು ಆಡಿಯಾನು. ಆದರೆ ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿದ ನಾಡಿನಲ್ಲಿ, ಮನೆಯ ಹಿರಿಯರು ಎರಡು ಸಲ ಕನ್ನಡಕವನ್ನು ಮರೆತು ಮೂರನೆಯ ಸಲ ಮೊಮ್ಮಗಳ ಹೆಸರನ್ನು ಮರೆತರೆಂದರೆ ತೀರ್ಪು ತಾನಾಗಿಯೇ ಹೊರಬಿದ್ದುಬಿಡುತ್ತದೆ. ಅದಕ್ಕೆ ವಾದವೂ ಬೇಡ, ಸಾಕ್ಷಿಯೂ ಬೇಡ.

ಮೇಷ್ಟರ ವಿಷಯದಲ್ಲಿ ನಡೆದದ್ದೂ ಇದೇ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ವಿಜ್ಞಾನವನ್ನೂ ಗಣಿತವನ್ನೂ ಬೋಧಿಸಿ ನಿವೃತ್ತರಾದವರು ಅವರು. ಪತ್ನಿ ತೀರಿಕೊಂಡ ಮೇಲೆ ಬೆಂಗಳೂರಿನ ಜಯನಗರದಲ್ಲಿರುವ ಮಗನ ಮನೆಗೆ ಬಂದು ನೆಲೆಸಿದ್ದರು. ವಯಸ್ಸು ಎಪ್ಪತ್ತನಾಲ್ಕು. ಬೆಳಗ್ಗೆ ಐದಕ್ಕೆ ಏಳುವುದು, ಕಾಫಿಗೆ ಮೊದಲು ಪತ್ರಿಕೆಯ ಪದಬಂಧವನ್ನು ಪೆನ್ಸಿಲ್ಲಿನಿಂದಲ್ಲ, ಶಾಯಿಯಿಂದ ತುಂಬುವುದು, ಮನೆಯ ಖರ್ಚುವೆಚ್ಚದ ಲೆಕ್ಕವನ್ನು ಕಾಸಿಗೆ ಕಾಸು ಹೊಂದಿಸಿ ಬರೆಯುವುದು, ಸಂಜೆ ಪಿ.ಯು.ಸಿ. ಓದುತ್ತಿದ್ದ ಮೊಮ್ಮಗಳಿಗೆ ಪಾಠ ಹೇಳುವುದು—ಇದು ಅವರ ದಿನಚರಿ. ಬೀರುವಿನ ಬೀಗದ ಕೈ ಅವರ ಜನಿವಾರದಲ್ಲಿ ತೂಗಾಡುತ್ತಿತ್ತು. ಅದು ಅಧಿಕಾರದ ಗುರುತಲ್ಲ, ಉದ್ಯೋಗದ ಗುರುತು ಎಂದು ಅವರು ನಗುತ್ತ ಹೇಳುತ್ತಿದ್ದರು.

ಒಂದು ಮಳೆಗಾಲ ಕಳೆದ ಮೇಲೆ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟಕ್ಕೆ ಬೆಳೆದು ಬಿಳಿಯ ಹೂ ಬಿಟ್ಟಿತು. ಅಮೆರಿಕ ಖಂಡದಿಂದ ಬಂದು, 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿದ ಈ ಅತಿಥಿಯ ಪರಿಚಯ ಬೆಂಗಳೂರಿನವರಿಗೆ ಹೇಳಿಕೊಡಬೇಕಾದುದಲ್ಲ. ಮೇಷ್ಟರಿಗೆ ಸೀನು ಹತ್ತಿಕೊಂಡಿತು. ಬೆಳಗಿನ ಹೊತ್ತು ಒಂದೇ ಸಮನೆ ಇಪ್ಪತ್ತು ಸೀನು, ಕಣ್ಣಿನಲ್ಲಿ ನವೆ, ಮುಂಗೈಯ ಮೇಲೆ ತುರಿಕೆ. ಬೀದಿಯ ಕೊನೆಯ ಔಷಧದ ಅಂಗಡಿಯವನು ಪುಟ್ಟದೊಂದು ಮಾತ್ರೆಯ ಪಟ್ಟಿಯನ್ನು ಕೊಟ್ಟನು. ರಾತ್ರಿ ಒಂದನ್ನು ನುಂಗಿದರೆ ಸೀನು ನಿಂತಿತು. ಗುಣ ಕಂಡ ಮೇಲೆ ಬಿಡುವವರಾರು? ಬೆಳಗ್ಗೆ ಒಂದು ಸೇರಿತು; ಆಮೇಲೆ ಮಧ್ಯಾಹ್ನಕ್ಕೊಂದು. ನಡುವೆ ನೆಗಡಿಯೆಂದು ಇನ್ನೊಂದು ಬಗೆಯ ಮಾತ್ರೆಯೂ ಬಂತು. ಕಡಲೆಬೇಳೆಗಿಂತ ಚಿಕ್ಕದಾದ ಈ ವಸ್ತು ಏನು ಮಾಡೀತು ಎಂದು ಯಾರೂ ಎರಡನೆಯ ಸಲ ಯೋಚಿಸಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಮೇಷ್ಟರು ಬೇರೆಯ ಮನುಷ್ಯರಾಗಿದ್ದರು. ಪದಬಂಧದ ಮನೆಗಳು ಖಾಲಿ ಉಳಿದವು. ಪತ್ರಿಕೆ ಹಿಡಿದ ಕೈ ಹಾಗೆಯೇ ತೊಡೆಯ ಮೇಲೆ ಇಳಿದು, ಗಲ್ಲ ಎದೆಗೆ ತಾಕುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಹಾಲಿನವನಿಗೆ ಒಂದೇ ತಿಂಗಳಿನಲ್ಲಿ ಎರಡು ಸಲ ಹಣ ಸಂದಾಯವಾಯಿತು. ಮಾತಿನ ನಡುವೆ ದಾರಿ ತಪ್ಪಿದವರಂತೆ ನಿಂತು, “ಏನು ಹೇಳುತ್ತಿದ್ದೆ?” ಎಂದು ಕೇಳುತ್ತಿದ್ದರು. ಒಂದು ಸಂಜೆ ಮೊಮ್ಮಗಳನ್ನು, ನಲವತ್ತು ವರ್ಷದ ಹಿಂದೆ ತೀರಿಕೊಂಡ ತಮ್ಮ ತಂಗಿಯ ಹೆಸರಿನಿಂದ ಕರೆದರು. ಹುಡುಗಿ “ಏನು ತಾತ?” ಎಂದು ಓಗೊಟ್ಟಳು, ಒಳಗೆ ಹೋಗಿ ಅತ್ತಳು.

ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು ಕುರ್ಚಿಯಲ್ಲಿ ಕುಳಿತ ಮೇಷ್ಟರು ನಿದ್ದೆಹೋದರು. ಹಾಲು ಉಕ್ಕಿ, ಹೊತ್ತಿ, ಪಾತ್ರೆ ಕರಕಾಗಿ, ಅಡಿಗೆಮನೆಯ ತುಂಬ ಹೊಗೆ ತುಂಬಿದಾಗ ಎದ್ದು ಬಂದವಳು ಸೊಸೆ. ಅಂದಿನಿಂದ ಬೀಗದ ಕೈ ಆಕೆಯ ಸೆರಗಿಗೆ ಬಂತು. ಮೊಮ್ಮಗಳನ್ನು ಮನೆಪಾಠಕ್ಕೆ ಬೇರೆ ಕಡೆಗೆ ಕಳುಹಿಸಿದರು. ಯಾರೂ ಕಟುವಾಗಿ ನಡೆದುಕೊಳ್ಳಲಿಲ್ಲ. “ಮಾವ, ನೀವು ಹಾಯಾಗಿ ಕೂತಿರಿ, ಎಲ್ಲ ನಾನು ನೋಡಿಕೊಳ್ಳುತ್ತೇನೆ” ಎಂದು ಸೊಸೆ ಮೃದುವಾಗಿಯೇ ಹೇಳಿದಳು. ಆ ಮೃದುತನವೇ ಮುದುಕರಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಒಂದು ರಾತ್ರಿ ನಡುಮನೆಯಲ್ಲಿ ಮಗ ತಗ್ಗಿದ ದನಿಯಲ್ಲಿ ಹೇಳಿದ ಮಾತು ಕೋಣೆಗೆ ಕೇಳಿಸಿತು. “ಮೈಸೂರಿನ ಮನೆಯ ಕಾಗದಕ್ಕೆ ಅಣ್ಣನ ಸಹಿಯನ್ನು ಈಗಲೇ ಹಾಕಿಸಿಬಿಡುವುದು ವಾಸಿ. ಇನ್ನು ಆರು ತಿಂಗಳಿಗೆ ಹೇಗೋ ಏನೋ.” ಮಗ ಅದನ್ನು ಆಸೆಯಿಂದ ಹೇಳಿದವನಲ್ಲ, ಹೇಳಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಮೇಷ್ಟರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಆ ಮಬ್ಬಿನಲ್ಲಿಯೂ ಅವರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ತಾವು ಸಾಯುವ ಮೊದಲೇ ಮನೆಯಿಂದ ಹೊರಟುಹೋಗುತ್ತಿದ್ದೇವೆ.

ಮರೆವಿನ ರೋಗವೇ ಸರಿಯೆಂದು ನಿಶ್ಚಯಿಸಿಕೊಂಡು ಮಗನು ಅವರನ್ನು ವೈದ್ಯರಲ್ಲಿಗೆ ಕರೆದೊಯ್ದನು. ವೈದ್ಯೆ ಇನ್ನೂ ಚಿಕ್ಕ ವಯಸ್ಸಿನಾಕೆ. ಎಲ್ಲವನ್ನೂ ಕೇಳಿದ ಮೇಲೆ, ಯಾವ ಪರೀಕ್ಷೆಗೂ ಬರೆದುಕೊಡುವ ಮೊದಲು, “ಮನೆಯಲ್ಲಿ ಮೇಷ್ಟ್ರು ತಗೊಳ್ಳೋ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ” ಎಂದಳು. ರಕ್ತದೊತ್ತಡದ ಮಾತ್ರೆಯನ್ನು ಮಗ ಆಗಲೇ ಹೇಳಿದ್ದನು. ಸೀನಿನ ಮಾತ್ರೆಯನ್ನು ಹೇಳಿರಲಿಲ್ಲ. ಅದೂ ಒಂದು ಮಾತ್ರೆಯೇ ಎಂದು ಅವನಿಗೆ ತೋರಿರಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ಬರಿದುಮಾಡಿದಾಗ ಖಾಲಿಯಾದ ಪಟ್ಟಿಗಳೇ ಒಂದು ಹಿಡಿ ಬಂದವು. ಕ್ಲೋರ್‌ಫೆನಿರಮೀನ್ ಎಂಬ ಹಳೆಯ ಔಷಧ. ನೆಗಡಿಯ ಮಾತ್ರೆಯನ್ನು ತಿರುಗಿಸಿ ನೋಡಿದರೆ ಅದರೊಳಗೂ ಅದೇ. ಹೆಸರು ಎರಡು, ವಿಷಯ ಒಂದು. ಪ್ರಮಾಣ ಮಾತ್ರ ಇಮ್ಮಡಿ.

ವೈದ್ಯೆ ಎರಡನ್ನೂ ನಿಲ್ಲಿಸಿದಳು. ಮೂಗಿಗೆ ಸಿಂಪಡಿಸುವ ಔಷಧವನ್ನೂ, ಮಿದುಳಿಗೆ ಅಷ್ಟಾಗಿ ಏರದ ಹೊಸ ಬಗೆಯ ಮಾತ್ರೆಯನ್ನೂ ಬರೆದುಕೊಟ್ಟಳು. “ಇದೇ ಕಾರಣ ಅಂತ ಈಗಲೇ ಹೇಳಲಾರೆ. ಮೂರು ವಾರ ನೋಡೋಣ. ಉಳಿದ ಪರೀಕ್ಷೆ ಆಮೇಲೆ” ಎಂದಳು.

ಮೂರು ವಾರ ಬೇಕಾಗಲಿಲ್ಲ. ಐದನೆಯ ದಿನ ಮೇಷ್ಟರು ಮಧ್ಯಾಹ್ನ ಎದ್ದು ಕುಳಿತಿದ್ದರು. ಹತ್ತನೆಯ ದಿನದ ಬೆಳಗ್ಗೆ ಮೊಮ್ಮಗಳು ಎದ್ದು ಬಂದಾಗ ಪದಬಂಧದ ಮನೆಗಳು ಶಾಯಿಯಿಂದ ತುಂಬಿದ್ದವು. ತಾತ ಲೆಕ್ಕದ ಪುಸ್ತಕವನ್ನು ತೆರೆದು, ಹಾಲಿನವನಿಗೆ ಹೆಚ್ಚಾಗಿ ಸಂದ ಹಣಕ್ಕೆ ಕೆಂಪು ಗೆರೆ ಎಳೆಯುತ್ತಿದ್ದರು.

ಮನೆಯವರಿಗೆ ಸಂತೋಷವೇ ಸಾಕಾಗಿತ್ತು. ಮೇಷ್ಟರಿಗೆ ಸಾಲಲಿಲ್ಲ. ಮೂವತ್ತಮೂರು ವರ್ಷ ಹುಡುಗರನ್ನು “ಏಕೆ?” ಎಂದು ಕೇಳಿದವರು ಅವರು. ಮೂಗಿನ ಮಾತ್ರೆ ಮನುಷ್ಯನ ಬುದ್ಧಿಯನ್ನು ಹೇಗೆ ಕದ್ದೀತು? ಮೊಮ್ಮಗಳನ್ನು ಕೂರಿಸಿಕೊಂಡು, ಅವಳ ಪುಸ್ತಕಗಳನ್ನೂ ವೈದ್ಯೆ ಕೊಟ್ಟ ಲೇಖನಗಳನ್ನೂ ಓದಿ, ತಮ್ಮನ್ನು ತಾವೇ ಒಂದು ಪಾಠವನ್ನಾಗಿ ಮಾಡಿಕೊಂಡು ಅವರು ಕಲಿತರು.

ಕಥೆಯ ನಾಯಕನ ಹೆಸರು ಹಿಸ್ಟಮೀನ್. ಗ್ರೀಕ್ ಭಾಷೆಯಲ್ಲಿ ಅಂಗಾಂಶಕ್ಕೆ ಇರುವ ಮಾತಿನಿಂದ ಈ ಹೆಸರು ಬಂದಿದೆ. ಆಹಾರದ ಪ್ರೋಟೀನಿನಲ್ಲಿರುವ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲದಿಂದ ಒಂದು ತುಣುಕನ್ನು ಇಂಗಾಲದ ಡೈಆಕ್ಸೈಡ್ ಆಗಿ ಕಳೆದರೆ ಉಳಿಯುವ ಪುಟ್ಟ ಅಣು ಅದು. 1907ರಲ್ಲಿ ವಿಂಡೌಸ್ ಮತ್ತು ಫೋಗ್ಟ್ ಎಂಬ ರಸಾಯನಜ್ಞರು ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಂಗ್ಲೆಂಡಿನ ಹೆನ್ರಿ ಡೇಲ್ 1910ರ ಸುಮಾರಿನಲ್ಲಿ ಇದರ ಪರಿಣಾಮಗಳನ್ನು ಪರೀಕ್ಷಿಸಿದರು. ಪರಾಗವೋ ಧೂಳೋ ದೇಹಕ್ಕೆ ಒಗ್ಗದಿದ್ದಾಗ ಮೂಗಿನ ಒಳಪೊರೆಯಲ್ಲಿರುವ ಕೆಲವು ಕೋಶಗಳು ತಮ್ಮ ಚೀಲವನ್ನು ಬಿಚ್ಚಿ ಹಿಸ್ಟಮೀನನ್ನು ಚೆಲ್ಲುತ್ತವೆ. ಸೀನು, ನವೆ, ಊತ ಎಲ್ಲವೂ ಅದರ ಕೈಚಳಕ. ಅದನ್ನು ತಡೆಯುವ ಮೊದಲ ಔಷಧವನ್ನು 1937ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್‌ಮರಿ ಸ್ಟೌಬ್ ಕಂಡುಹಿಡಿದರು. ಬೋವೆಗೆ 1957ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇಷ್ಟರವರೆಗೆ ಹಿಸ್ಟಮೀನ್ ಶತ್ರು. ಆದರೆ ಈ ಔಷಧಗಳನ್ನು ನುಂಗಿದವರೆಲ್ಲ ತೂಕಡಿಸಿದರು. ಏಕೆ?

ಉತ್ತರದ ಒಂದು ತುದಿ ಮತ್ತೊಂದು ಕಡೆಯಲ್ಲಿತ್ತು. 1917ರಲ್ಲಿ ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕನಾಮೊ ವಿಚಿತ್ರವಾದ ನಿದ್ರಾರೋಗವೊಂದನ್ನು ವರ್ಣಿಸಿದರು. ಸತ್ತವರ ಮಿದುಳನ್ನು ಪರೀಕ್ಷಿಸಿ, ಹೈಪೊಥಲಾಮಸ್ ಎಂಬ ಭಾಗದ ಹಿಂಬದಿ ಹಾಳಾದವರು ಎಚ್ಚರವಾಗಿರಲಾರರೆಂದು ಅವರು ತರ್ಕಿಸಿದರು. ಅಲ್ಲಿ ಎಚ್ಚರದ ದೀಪವೊಂದು ಇದೆಯೆಂದಾಯಿತು. ಅದರ ಎಣ್ಣೆ ಯಾವುದೆಂದು ತಿಳಿಯಲಿಲ್ಲ. 1984ರಲ್ಲಿ ಸಂಶೋಧಕರ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡವು: ಹಿಸ್ಟಮೀನನ್ನು ತಯಾರಿಸುವ ನರಕೋಶಗಳು ಅದೇ ಹಿಂಬದಿಯ ಒಂದು ಪುಟ್ಟ ಗಂಟಿನಲ್ಲಿ ಕಿಕ್ಕಿರಿದಿವೆ. ಮನುಷ್ಯನ ಮಿದುಳಿನಲ್ಲಿ ಕೋಟಿಗಟ್ಟಲೆ ನರಕೋಶಗಳಿದ್ದರೂ ಇವುಗಳ ಎಣಿಕೆ ಸುಮಾರು 64 ಸಾವಿರ ಮಾತ್ರ. ಆದರೂ ಇವುಗಳ ಎಳೆಗಳು ಮಿದುಳಿನ ಎಲ್ಲ ಮೂಲೆಗಳಿಗೂ ಹಬ್ಬಿವೆ. ಎಚ್ಚರವಿರುವಾಗ ಇವು ಮಿಡಿಯುತ್ತವೆ, ಗಾಢನಿದ್ರೆಯಲ್ಲಿ ಮೌನವಾಗುತ್ತವೆ. ಹಿಸ್ಟಮೀನನ್ನು ತಯಾರಿಸುವ ಕಿಣ್ವವೇ ಇಲ್ಲದ ಇಲಿಗಳನ್ನು ಹೊಸ ಜಾಗಕ್ಕೆ ಬಿಟ್ಟರೆ, ಸಹಜವಾದ ಇಲಿಯಂತೆ ಮೂಸಿ ನೋಡುತ್ತ ಎಚ್ಚರವಾಗಿರಲು ಅವಕ್ಕೆ ಆಗುವುದಿಲ್ಲವೆಂಬುದು 2002ರಲ್ಲಿ ತಿಳಿದುಬಂತು.

“ಹಾಗಾದರೆ ತಾತ, ಮೂಗಿನ ಹಿಸ್ಟಮೀನ್ ಮಿದುಳಿಗೆ ಹೋಗುತ್ತಾ?” ಎಂದು ಮೊಮ್ಮಗಳು ಕೇಳಿದಳು.

“ಹೋಗೋದಿಲ್ಲ, ಮಗು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಕಟ್ಟೆಚ್ಚರದ ಗೋಡೆ ಇದೆ. ಹಿಸ್ಟಮೀನಿಗೆ ಅಲ್ಲಿ ಪ್ರವೇಶವಿಲ್ಲ. ಮಿದುಳು ತನಗೆ ಬೇಕಾದುದನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ಆ ಹಳೆಯ ಮಾತ್ರೆ ಕೊಬ್ಬಿನಲ್ಲಿ ಕರಗುವಂಥದು. ಗೋಡೆಯೂ ಕೊಬ್ಬಿನದೇ. ಕಳ್ಳ ಹಾಗೆ ನುಸುಳಿದ.”

ನುಸುಳಿ ಅವನು ಮಾಡಿದ್ದೇನು? ಮೇಷ್ಟರು ಕಾಗದದ ಮೇಲೆ ನರಕೋಶದ ಪೊರೆಯನ್ನು ಬರೆದರು. ಒಂದು ಮಿಲಿಮೀಟರಿನ ಎರಡು ಲಕ್ಷದ ಒಂದು ಭಾಗದಷ್ಟು ತೆಳುವಾದ ಎಣ್ಣೆಯ ಪೊರೆ. ಅದರಲ್ಲಿ ಎರಡು ಸಾಲು ಅಣುಗಳು ಬಾಲಕ್ಕೆ ಬಾಲ ತಾಗಿಸಿ ನಿಂತಿವೆ. ತಲೆಗಳು ನೀರಿನ ಕಡೆಗೆ, ಎಣ್ಣೆಯ ಬಾಲಗಳು ಒಳಕ್ಕೆ. ಈ ಪೊರೆಯನ್ನು ಬಹುಕಾಲ ಬರಿಯ ಚೀಲವೆಂದು ತಿಳಿದಿದ್ದರು. 1953ರಲ್ಲಿ ಲೋವೆಲ್ ಹೋಕಿನ್ ಮತ್ತು ಮೇಬಲ್ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ಸೇರಿಸಿದರು. ರಂಜಕವು ಪೊರೆಯ ಕೊಬ್ಬಿನೊಳಕ್ಕೆ ಅತಿವೇಗವಾಗಿ ಸೇರಿಕೊಂಡಿತು. ಮಿದುಳಿನ ಚೂರುಗಳಲ್ಲಿಯೂ ಇಂಥದೇ ಪರಿಣಾಮವನ್ನು ಅವರು ಕಂಡರು. ಅಂದರೆ ಸಂದೇಶ ಬಂದಾಗ ಪೊರೆ ಸುಮ್ಮನಿರುವುದಿಲ್ಲ. ಅದರ ಕೊಬ್ಬು ಒಡೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಇದರ ಅರ್ಥ ಬಿಡಿಸಲು ಮತ್ತೆ ಮೂವತ್ತು ವರ್ಷ ಹಿಡಿಯಿತು.

ಆ ಅರ್ಥ ಹೀಗಿದೆ. ಪೊರೆಯ ಒಳಸಾಲಿನಲ್ಲಿ, ಉಳಿದ ಕೊಬ್ಬುಗಳ ನಡುವೆ ಅಲ್ಪಪ್ರಮಾಣದಲ್ಲಿ, ಫಾಸ್ಫಟಿಡಿಲ್ ಇನಾಸಿಟಾಲ್ ಬಿಸ್‌ಫಾಸ್ಫೇಟ್ ಎಂಬ ಕೊಬ್ಬು ಇರುತ್ತದೆ. ಹೆಸರನ್ನು ಹೇಳುವಷ್ಟರಲ್ಲಿ ಅದರ ಕೆಲಸವೇ ಮುಗಿದಿರುತ್ತದೆಂದು ಮೇಷ್ಟರು ಹಾಸ್ಯ ಮಾಡಿದರು. ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕವೆಂಬ ಪ್ರೋಟೀನಿಗೆ ಹಿಸ್ಟಮೀನ್ ಬಂದು ಕೂಡಿದೊಡನೆ ಅದರ ಆಕಾರ ಹೊರಳುತ್ತದೆ. ಒಳಗಡೆ ಕಾದಿರುವ ಒಂದು ಕಿಣ್ವ ಎಚ್ಚೆತ್ತು ಆ ಕೊಬ್ಬನ್ನು ಕತ್ತರಿಸುತ್ತದೆ. ತಲೆ ಬೇರೆ, ಬಾಲ ಬೇರೆ. ತಲೆಯು ಕೋಶದ ನೀರಿಗೆ ಬಿದ್ದು, ಕ್ಯಾಲ್ಸಿಯಂ ಕೂಡಿಟ್ಟ ಉಗ್ರಾಣಕ್ಕೆ ಹೋಗಿ ಬಾಗಿಲು ತೆರೆಯಿಸುತ್ತದೆ. 1983ರಲ್ಲಿ ಮೈಕೆಲ್ ಬೆರಿಜ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು ಇದನ್ನು. ಬಾಲವು ಪೊರೆಯಲ್ಲಿಯೇ ಉಳಿದು ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಅದೇ ಹಿಸ್ಟಮೀನಿನ ಕರೆಗೆ ಹಲವು ನರಕೋಶಗಳಲ್ಲಿ ಪೊಟ್ಯಾಸಿಯಂ ಸೋರಿಹೋಗುವ ಕಿಂಡಿಗಳೂ ಮುಚ್ಚಿಕೊಳ್ಳುತ್ತವೆ. ಸೋರಿಕೆ ನಿಂತಾಗ ಕೋಶದ ವಿದ್ಯುತ್ತು ಏರಿ, ಅದು ಸಣ್ಣ ಸುದ್ದಿಗೂ ಮಿಡಿಯಲು ಸಿದ್ಧವಾಗುತ್ತದೆ. ಈ ಸಿದ್ಧತೆಯನ್ನೇ ಲೋಕದಲ್ಲಿ ಎಚ್ಚರವೆಂದು ಕರೆಯುತ್ತಾರೆ. ಒಡೆದ ಕೊಬ್ಬಿನ ಚೂರುಗಳು ಮತ್ತೆ ಕೂಡಿಕೊಂಡು ಮುಂದಿನ ಸಂದೇಶಕ್ಕೆ ಪೊರೆ ಸಜ್ಜಾಗುತ್ತದೆ. ಉರಿದಷ್ಟನ್ನೂ ಮತ್ತೆ ತುಂಬಿಕೊಳ್ಳುವ ದೀಪ!

ಹಳೆಯ ಮಾತ್ರೆ ಆ ಗ್ರಾಹಕದ ಗೂಡಿನೊಳಗೆ ಹೋಗಿ ಕುಳಿತುಬಿಡುತ್ತದೆ. ಹಿಸ್ಟಮೀನ್ ಬಂದು ಬಾಗಿಲು ತಟ್ಟಿದರೆ ಒಳಗೆ ಜಾಗವಿಲ್ಲ. ಜಪಾನಿನ ಸಂಶೋಧಕರು ಜೀವಂತ ಮನುಷ್ಯರ ಮಿದುಳಿನ ಚಿತ್ರ ತೆಗೆದು, ನಿದ್ದೆ ತರಿಸುವ ಮಾತ್ರೆಗಳು ಅಲ್ಲಿಯ ಇಂಥ ಗ್ರಾಹಕಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಕ್ರಮಿಸಬಲ್ಲವೆಂದು ತೋರಿಸಿದ್ದಾರೆ. ಅರ್ಧ ದೀಪಗಳು ಆರಿದ ಬೀದಿಯಲ್ಲಿ ನಡೆಯುವವನು ಎಡವಿದರೆ ಆಶ್ಚರ್ಯವೇನು?

ತಪ್ಪು ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಮಾತ್ರೆ ಅಸಿಟೈಲ್‌ಕೋಲಿನಿನ ಬಾಗಿಲಿಗೂ ಅಡ್ಡ ನಿಲ್ಲುತ್ತದೆ. ನೆನಪಿಗೂ ಗಮನಕ್ಕೂ ಆ ಸಂದೇಶವಾಹಕ ಬೇಕೇಬೇಕು. ಅದರ ಒಂದು ಬಗೆಯ ಗ್ರಾಹಕವು ಕತ್ತರಿಸುವುದೂ ಪೊರೆಯ ಅದೇ ಕೊಬ್ಬನ್ನೇ. ಎರಡು ಬಾಗಿಲುಗಳಿಂದ ಬರುವ ಸುದ್ದಿಗೂ ಒಟ್ಟಿಗೇ ಅಡ್ಡಿಯಾದಂತಾಯಿತು. ಎಳೆಯ ಪ್ರಾಯದವನು ಇದರಿಂದ ಬೇಗ ಚೇತರಿಸಿಕೊಳ್ಳುತ್ತಾನೆ. ಮುದುಕರ ಮೂತ್ರಪಿಂಡ, ಯಕೃತ್ತುಗಳು ಔಷಧವನ್ನು ನಿಧಾನವಾಗಿ ಹೊರಹಾಕುತ್ತವೆ. ನಿನ್ನೆಯದು ತೀರುವ ಮೊದಲೇ ಇಂದಿನದು ಸೇರುತ್ತದೆ. ಸಾಲದ ಮೇಲೆ ಬಡ್ಡಿ ಬೆಳೆದ ಹಾಗೆ ಮಬ್ಬು ಬೆಳೆಯುತ್ತದೆ. ವೃದ್ಧರಿಗೆ ಈ ಬಗೆಯ ಔಷಧಗಳನ್ನು ಆದಷ್ಟೂ ಕೊಡಬಾರದೆಂದು ವೈದ್ಯರಿಗೆ ಎಚ್ಚರಿಕೆಯೂ ಉಂಟು. ಆದರೆ ಬೀದಿಯ ಅಂಗಡಿಯಲ್ಲಿ ಆ ಎಚ್ಚರಿಕೆಯನ್ನು ಯಾರು ಓದಿ ಹೇಳಬೇಕು? ಹೊಸ ಬಗೆಯ ಮಾತ್ರೆಗಳು ಹಾಗಲ್ಲ. ಮಿದುಳಿನ ಗೋಡೆಯಲ್ಲಿರುವ ಪಂಪುಗಳು ಅವುಗಳಲ್ಲಿ ಬಹುಪಾಲನ್ನು ಹೊರಕ್ಕೆ ನೂಕುತ್ತವೆ. ಮೂಗು ಗುಣವಾಗುತ್ತದೆ, ಬುದ್ಧಿ ಮನೆಯಲ್ಲಿಯೇ ಉಳಿಯುತ್ತದೆ.

ಇಷ್ಟನ್ನು ಬರೆದು ಮುಗಿಸಿ ಮೇಷ್ಟರು ಲೇಖನಿಯನ್ನು ಕೆಳಗಿಟ್ಟರು. “ಇಷ್ಟು ವರ್ಷ ಸೋಪಿನ ಗುಳ್ಳೆಯನ್ನು ತೋರಿಸಿ ಹುಡುಗರಿಗೆ ಪಾಠ ಹೇಳಿದೆ. ನನ್ನ ಬುದ್ಧಿ ಅಂಥದೇ ಒಂದು ಪೊರೆಯ ಮೇಲೆ ನಿಂತಿದೆ ಅಂತ ತಿಳಿದಿರಲಿಲ್ಲ” ಎಂದರು.

ಆ ಸಂಜೆ ಸೊಸೆ ಬೀಗದ ಕೈಯನ್ನು ತಂದು ಅವರ ಮುಂದಿಟ್ಟಳು. “ಮಾವ, ತಪ್ಪು ತಿಳಿಯಬೇಡಿ” ಎನ್ನುವಾಗ ಆಕೆಯ ಕಣ್ಣು ತುಂಬಿತ್ತು. ಮಗ ಬಾಗಿಲಲ್ಲಿ ನಿಂತಿದ್ದನು. ಮೇಷ್ಟರು ಕೈಯನ್ನು ತೆಗೆದುಕೊಳ್ಳಲಿಲ್ಲ.

“ಅದು ನಿನ್ನಲ್ಲಿಯೇ ಇರಲಮ್ಮ. ಲೆಕ್ಕದ ಪುಸ್ತಕ ಮಾತ್ರ ನನಗೆ ಕೊಡು” ಎಂದರು. ಬಳಿಕ ಮಗನ ಕಡೆಗೆ ತಿರುಗಿ, “ಮೈಸೂರಿನ ಮನೆಯ ಕಾಗದ ತಂದಿದ್ದೀಯಲ್ಲ, ನಾಳೆ ವಕೀಲರ ಹತ್ತಿರ ಹೋಗೋಣ” ಎಂದರು.

ಮಗ ತಲೆ ತಗ್ಗಿಸಿದನು. “ಬೇಡ ಅಣ್ಣ, ಈಗೇನೂ ಅವಸರವಿಲ್ಲ.”

“ಅವಸರ ಇದೆಯಪ್ಪ. ಆ ರಾತ್ರಿ ನೀನು ಹೇಳಿದ್ದು ಸುಳ್ಳಲ್ಲ, ಕಾಲ ಮಾತ್ರ ತಪ್ಪಿತ್ತು. ಈ ಸಲ ಕದ್ದದ್ದು ಮಾತ್ರೆ. ಮುಂದೊಂದು ದಿನ ನಿಜವಾದ ಮುಪ್ಪೇ ಬಂದೀತು; ಆಗ ಯಾವ ಡಾಕ್ಟರೂ ಚೀಲ ಬಿಚ್ಚಿ ಕಾರಣ ತೋರಿಸಲಾರರು. ಎಚ್ಚರವಿದ್ದಾಗ ನಾನೇ ಓದಿ, ನಾನೇ ಬರೆದು, ನಾನೇ ಸಹಿ ಹಾಕಬೇಕು. ನಿದ್ದೆಯಲ್ಲಿ ಹಾಕಿಸಿಕೊಂಡ ಸಹಿ ನಿನಗೂ ನಿದ್ದೆ ಕೊಡೋದಿಲ್ಲ.”

ಮರುದಿನ ತಂದೆಯೂ ಮಗನೂ ಒಂದೇ ಆಟೋದಲ್ಲಿ ಹೋಗಿ ಬಂದರು. ದಾರಿಯಲ್ಲಿ ಏನು ಮಾತಾಡಿದರೋ ಮನೆಯವರಿಗೆ ತಿಳಿಯದು. ಹಿಂತಿರುಗುವಾಗ ಇಬ್ಬರೂ ನಗುತ್ತಿದ್ದರು. ಮನೆಯ ಮುಂದೆ ಇಳಿದು ಮೇಷ್ಟರು ಪಕ್ಕದ ನಿವೇಶನವನ್ನು ನೋಡಿದರು. ಕಾಂಗ್ರೆಸ್ ಗಿಡವನ್ನು ಹೂವಿಗೆ ಮೊದಲೇ ಕೀಳಿಸಬೇಕಾಗಿತ್ತು ಎಂದರು. ಎರಡು ಸಲ ಸೀನಿದರು. ಮೊಮ್ಮಗಳು ಗಾಬರಿಯಿಂದ ಮೂಗಿನ ಔಷಧ ತರಲು ಓಡಿದಳು.

ಬಿಸ್ಕತ್ತಿನ ಡಬ್ಬಿ ಈಗಲೂ ಅದೇ ಕಪಾಟಿನಲ್ಲಿದೆ. ಅದರ ಮುಚ್ಚಳಕ್ಕೆ ಒಂದು ಕಾಗದದ ಚೀಟಿ ಅಂಟಿದೆ. ಮೇಷ್ಟರ ದುಂಡಗಿನ ಅಕ್ಷರದಲ್ಲಿ, ಶಾಯಿಯಲ್ಲಿ, ಮನೆಯ ಪ್ರತಿಯೊಬ್ಬರ ಹೆಸರೂ ಅವರು ನುಂಗುವ ಪ್ರತಿಯೊಂದು ಮಾತ್ರೆಯ ಹೆಸರೂ ಅಲ್ಲಿವೆ. ಅತಿ ಚಿಕ್ಕ ಮಾತ್ರೆಯ ಹೆಸರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿದೆ.